ಪ್ರಾಥಮಿಕ ಶಾಲೆಗಳಲ್ಲಿ ದತ್ತಾಂಶ ಕಲಿಕೆ: ಪಾಂಡವಪುರ ಉಪವಿಭಾಗದ ಹಿನ್ನೆಲೆಯಲ್ಲಿ

ದತ್ತಾಂಶ ನಿರ್ವಹಣೆ ಪ್ರಾಥಮಿಕ ಗಣಿತದ ಒಂದು ಭಾಗ. ಸುತ್ತಲಿನ ಸಂಗತಿಗಳನ್ನು ಎಣಿಸುವುದು, ಎಣಿಸಿದ್ದನ್ನು ತಾಳೆ ಗುರುತು ಹಾಕಿ ಪಟ್ಟಿ ಮಾಡುವುದು, ಪಟ್ಟಿಯನ್ನು ಚಿತ್ರನಕ್ಷೆ ಅಥವಾ ಸ್ತಂಭನಕ್ಷೆಯಾಗಿ ಬರೆಯುವುದು, ಆ ನಕ್ಷೆ ಏನು ಹೇಳುತ್ತದೆ ಎಂದು ಮಾತಿನಲ್ಲಿ ವಿವರಿಸುವುದು ಇದರ ನಾಲ್ಕು ಹಂತಗಳು. ಕರ್ನಾಟಕದ ಶಾಲೆಗಳಲ್ಲಿ ಇದು ಕಿರಿಯ ಪ್ರಾಥಮಿಕ ಹಂತದಲ್ಲೇ ಆರಂಭವಾಗುತ್ತದೆ. ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಇತಿಹಾಸದಲ್ಲಿ ಈ ಪಾಠಕ್ಕೆ ವಿಶೇಷ ಅರ್ಥವಿದೆ. ಇನ್ನೂರು ವರ್ಷಗಳಿಂದ ಇಲ್ಲಿನ ನೆಲ, ನೀರು, ಜನರ ಲೆಕ್ಕವನ್ನು ಸರ್ಕಾರಗಳು ಬರೆದುಕೊಂಡು ಬಂದಿವೆ. ಆ ಲೆಕ್ಕವನ್ನು ಊರಿನ ಮಕ್ಕಳೇ ಮಾಡಿ, ಓದಿ, ಪ್ರಶ್ನಿಸುವುದನ್ನು ಶಾಲೆ ಕಲಿಸಲು ತೊಡಗಿದ್ದು ತೀರ ಈಚೆಗೆ.

ಹಿನ್ನೆಲೆ

ಕನ್ನಡದಲ್ಲಿ ಗಣಿತ ಬರವಣಿಗೆಯ ಪರಂಪರೆ ಹಳೆಯದು. 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರ ಗಣಿತ’ವನ್ನು ಕನ್ನಡದಲ್ಲೇ ರಚಿಸಿದ. ಹಳ್ಳಿಯ ಕೂಲಿಮಠಗಳಲ್ಲಿ ಐಗಳು (ಶಿಕ್ಷಕರು) ಮಗ್ಗಿ ಬಾಯಿಪಾಠ ಮಾಡಿಸಿ, ಕೊಡು-ಕೊಳ್ಳುವ ಲೆಕ್ಕ ಕಲಿಸುತ್ತಿದ್ದರು. ಈ ಕಲಿಕೆಯ ಗುರಿ ಸರಿಯಾದ ಉತ್ತರವಾಗಿತ್ತು. ಮಾಹಿತಿ ಕಲೆಹಾಕಿ, ಹೋಲಿಸಿ, ಅರ್ಥ ಹುಡುಕುವ ಅಭ್ಯಾಸಕ್ಕೆ ಅದರಲ್ಲಿ ಜಾಗವಿರಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬ್ರಿಟಿಷರ ವಶವಾದ ಬೆನ್ನಲ್ಲೇ ಈ ಸೀಮೆ ಅಂಕಿಅಂಶಗಳ ವಸ್ತುವಾಯಿತು. ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ತೊಡಗಿದ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣಕ್ಕೆ ಬಂದು ಬೆಳೆ, ಮಣ್ಣು, ನೀರಾವರಿ, ಕಸುಬುಗಳ ವಿವರ ದಾಖಲಿಸಿದ. 1871ರಲ್ಲಿ ಮೈಸೂರು ಸಂಸ್ಥಾನದಲ್ಲಿ ಜನಗಣತಿ ನಡೆಯಿತು. 1911ರಲ್ಲಿ ಕನ್ನಂಬಾಡಿ (ಕೃಷ್ಣರಾಜಸಾಗರ) ಅಣೆಕಟ್ಟೆಯ ಕೆಲಸ ಶುರುವಾಯಿತು. ಅದೇ ವರ್ಷ ಸ್ಥಾಪನೆಯಾದ ಮೈಸೂರು ಆರ್ಥಿಕ ಸಮ್ಮೇಳನ ಕೃಷಿ, ಕೈಗಾರಿಕೆಗಳ ಜೊತೆಗೆ ಶಿಕ್ಷಣವನ್ನೂ ಚರ್ಚೆಗೆ ತಂದಿತು. 1913ರ ಕಾಯಿದೆ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ದಾರಿ ಮಾಡಿತು. ಶಾಲೆ ಹಳ್ಳಿಗೆ ಬಂತು. ಆದರೆ ಅಂಕಿಅಂಶ ಕಚೇರಿಯ ಕಡತದಲ್ಲೇ ಉಳಿಯಿತು.

ನಕ್ಷೆಗಳಾದರೂ ಹೊಸವೇನಲ್ಲ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಸ್ತಂಭನಕ್ಷೆಯನ್ನೂ 1801ರಲ್ಲಿ ವೃತ್ತನಕ್ಷೆಯನ್ನೂ ಪ್ರಕಟಿಸಿದ್ದ. 1920ರ ದಶಕದಲ್ಲಿ ವಿಯೆನ್ನಾದ ಆಟೊ ನ್ಯೂರಾತ್ ಸಾಮಾನ್ಯ ಜನರಿಗೂ ಅರ್ಥವಾಗುವ ಚಿತ್ರನಕ್ಷೆಗಳನ್ನು ರೂಪಿಸಿದ. ಒಂದು ಚಿತ್ರ ಇಂತಿಷ್ಟು ಸಂಖ್ಯೆಗೆ ಸಮ ಎಂಬ ಆತನ ಕ್ರಮವನ್ನು ಇಂದಿನ ಪ್ರಾಥಮಿಕ ಪುಸ್ತಕಗಳಲ್ಲಿ ಕಾಣಬಹುದು.

ಪಠ್ಯಕ್ರಮಕ್ಕೆ ಪ್ರವೇಶ

ಹಳೆಯ ಅಂಕಗಣಿತದಲ್ಲಿ ಸರಾಸರಿಯ ಲೆಕ್ಕಗಳಿದ್ದವು. ಅವುಗಳ ಅಂಕಿಗಳನ್ನು ಪುಸ್ತಕವೇ ಕೊಡುತ್ತಿತ್ತು. ಈ ಕ್ರಮವನ್ನು ಬದಲಿಸಿದ್ದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005. ಸಂಖ್ಯೆ, ಆಕೃತಿ, ಅಳತೆಗಳ ಜೊತೆಗೆ ದತ್ತಾಂಶ ನಿರ್ವಹಣೆಯೂ ಪ್ರಾಥಮಿಕ ಗಣಿತದ ಭಾಗವಾಗಬೇಕೆಂದು ಅದು ಹೇಳಿತು. ಅದನ್ನು ಆಧರಿಸಿ ಎನ್‌ಸಿಇಆರ್‌ಟಿ ತಂದ ‘ಮ್ಯಾಥ್ ಮ್ಯಾಜಿಕ್’ ಪುಸ್ತಕಗಳಲ್ಲಿ ‘ಸ್ಮಾರ್ಟ್ ಚಾರ್ಟ್ಸ್’ ಎಂಬ ಪಾಠವೇ ಇತ್ತು. ಕರ್ನಾಟಕವೂ ತನ್ನ ಪುಸ್ತಕಗಳನ್ನು ಇದೇ ಚೌಕಟ್ಟಿನಂತೆ ಪರಿಷ್ಕರಿಸಿತು. ಮುಂದೆ ಹಿರಿಯ ಪ್ರಾಥಮಿಕ ಮತ್ತು ಪ್ರೌಢ ಹಂತಕ್ಕೆ ಎನ್‌ಸಿಇಆರ್‌ಟಿಯ ಗಣಿತ ಪುಸ್ತಕಗಳ ಕನ್ನಡ ಅನುವಾದ ಬಂದಾಗ ಸರಾಸರಿ, ಮಧ್ಯಾಂಕ, ಬಹುಲಕಗಳೂ ಹಿರಿಯ ಪ್ರಾಥಮಿಕ ಹಂತಕ್ಕೆ ಇಳಿದವು.

ನಲಿ-ಕಲಿ

2005ರ ಚೌಕಟ್ಟಿಗೂ ಮೊದಲೇ, ಪಾಠದ ಹೆಸರಿಲ್ಲದೆ, ದತ್ತಾಂಶ ತರಗತಿಯ ಗೋಡೆಗೆ ಬಂದಿತ್ತು. ಋಷಿವ್ಯಾಲಿಯ ಪ್ರೇರಣೆ ಮತ್ತು ಯುನಿಸೆಫ್ ನೆರವಿನೊಂದಿಗೆ 1995ರಲ್ಲಿ ನೆರೆಯ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ ನಲಿ-ಕಲಿ, 2009–10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ನಲಿ-ಕಲಿ ತರಗತಿಯ ಕೋಣೆಯಲ್ಲಿ ಹವಾಮಾನ ಚಾರ್ಟ್ ಇರುತ್ತದೆ. ಇಂದು ಬಿಸಿಲೋ, ಮೋಡವೋ, ಮಳೆಯೋ ಎಂದು ನೋಡಿ ಬಂದು ಮಗುವೇ ಗುರುತು ಹಾಕುತ್ತದೆ. ಕಲಿಕಾ ಏಣಿಯಲ್ಲಿ ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ಹುಡುಕಿಕೊಳ್ಳುತ್ತದೆ. ತಿಂಗಳ ಕೊನೆಯಲ್ಲಿ ಮಳೆಯ ದಿನಗಳನ್ನು ಎಣಿಸಿದರೆ ದತ್ತಾಂಶದ ಮೊದಲ ಪಾಠ ಮುಗಿದಂತೆ.

ಬೋಧನೆಯ ಕ್ರಮ

ಬಿಸಿಯೂಟದ ಸಾಲೇ ಒಳ್ಳೆಯ ಪಾಠ. 2022–23ರಿಂದ ರಾಜ್ಯದ ಎಲ್ಲ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ, ಅದು ಬೇಡವೆಂದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುವ ಯೋಜನೆ ಜಾರಿಗೆ ಬಂತು. 30 ಮಕ್ಕಳ ತರಗತಿಯಲ್ಲಿ 18 ಮಂದಿ ಮೊಟ್ಟೆ, 9 ಮಂದಿ ಬಾಳೆಹಣ್ಣು, 3 ಮಂದಿ ಚಿಕ್ಕಿ ಕೇಳಿದರೆಂದುಕೊಳ್ಳೋಣ. ಒಬ್ಬೊಬ್ಬರು ಹೇಳಿದಂತೆ ಕಪ್ಪುಹಲಗೆಯ ಮೇಲೆ ಒಂದೊಂದು ಗೆರೆ ಬೀಳುತ್ತದೆ. ನಾಲ್ಕು ಗೆರೆಯಾದ ಮೇಲೆ ಐದನೆಯದು ಅಡ್ಡ. ಆಮೇಲೆ ನಕ್ಷೆ. ಒಂದು ಚಿತ್ರ ಇಬ್ಬರು ಮಕ್ಕಳಿಗೆ ಸಮ ಎಂದರೆ ಮೊಟ್ಟೆಗೆ 9 ಚಿತ್ರ ಸಾಕು, ಬಾಳೆಹಣ್ಣಿಗೆ ನಾಲ್ಕೂವರೆ ಬೇಕು. ಅರ್ಧ ಚಿತ್ರ ಎಂದರೆ ಯಾರು ಎಂಬ ಪ್ರಶ್ನೆ ಅಲ್ಲೇ ಏಳುತ್ತದೆ. ಒಂದು ಚಿತ್ರ ಮೂವರಿಗೆ ಸಮ ಎಂದು ಬದಲಿಸಿದರೆ 6, 3, 1, ಅರ್ಧದ ತಂಟೆಯಿಲ್ಲ. ಪ್ರಮಾಣವನ್ನು ಆರಿಸುವವರು ನಾವೇ ಎಂಬುದನ್ನು ಮಗು ಹೀಗೆ ಕೈಯಾರೆ ಕಲಿಯುತ್ತದೆ. ನಾಳೆ ಎಷ್ಟು ಮೊಟ್ಟೆ ಬೇಯಿಸಬೇಕು ಎಂದು ಅಡುಗೆಯವರು ಕೇಳಿದಾಗ ಉತ್ತರಿಸಲು ಬಂದರೆ ಅರ್ಥೈಸುವಿಕೆಯೂ ಸಾಧ್ಯವಾದಂತೆ.

ನಾಲ್ಕು ತಾಲ್ಲೂಕುಗಳ ಸಾಮಗ್ರಿ

ಶ್ರೀರಂಗಪಟ್ಟಣ ತಾಲ್ಲೂಕಿನ ಕೃಷ್ಣರಾಜಸಾಗರದ ನೀರಿನ ಮಟ್ಟ, ಒಳಹರಿವು, ಹೊರಹರಿವುಗಳನ್ನು ಪತ್ರಿಕೆಗಳು ದಿನವೂ ಅಚ್ಚು ಹಾಕುತ್ತವೆ. ಗರಿಷ್ಠ ಮಟ್ಟ 124.80 ಅಡಿ, ಒಟ್ಟು ಸಾಮರ್ಥ್ಯ 49.45 ಟಿಎಂಸಿ (ಸಾವಿರ ಮಿಲಿಯನ್ ಘನ ಅಡಿ). ಮುಂಗಾರಿನ ಮಟ್ಟಗಳನ್ನು ಗೆರೆಹಾಳೆಯ ಮೇಲೆ ಗುರುತಿಸಿದರೆ ಜಲಾಶಯ ಯಾವ ವಾರ ತುಂಬತೊಡಗಿತು ಎಂಬುದು ಕಣ್ಣಿಗೇ ಕಾಣುತ್ತದೆ. ಇನ್ನೂ ಆಳವಾದ ಪಾಠವೂ ಇಲ್ಲಿದೆ. ಮಟ್ಟ 100 ಅಡಿಗೆ ಇಳಿದಾಗ ಎತ್ತರದಲ್ಲಿ ಐದನೇ ಒಂದು ಭಾಗ ಮಾತ್ರ ಕಡಿಮೆಯಾದಂತೆ ಕಂಡರೂ ನೀರಿನ ಸಂಗ್ರಹ ಸುಮಾರು ಅರ್ಧಕ್ಕೆ ಕುಸಿದಿರುತ್ತದೆ, ಏಕೆಂದರೆ ಜಲಾಶಯ ಮೇಲೆ ಅಗಲ, ಕೆಳಗೆ ಕಿರಿದು. ಅಡಿಯ ನಕ್ಷೆ ಮತ್ತು ಟಿಎಂಸಿ ನಕ್ಷೆ ಎರಡನ್ನೂ ಪಕ್ಕಪಕ್ಕ ಬರೆದ ಹಿರಿಯ ಪ್ರಾಥಮಿಕ ಮಕ್ಕಳಿಗೆ, ಯಾವುದನ್ನು ಅಳೆದಿದ್ದೇವೆ ಎಂದು ಕೇಳದೆ ನಕ್ಷೆಯನ್ನು ನಂಬಬಾರದು ಎಂಬುದು ಮನದಟ್ಟಾಗುತ್ತದೆ. ಇದೇ ತಾಲ್ಲೂಕಿನಲ್ಲಿ 1940ರಲ್ಲಿ ಘೋಷಣೆಯಾದ ರಂಗನತಿಟ್ಟು ಪಕ್ಷಿಧಾಮ ಎಣಿಕೆಗೆ ಇನ್ನೊಂದು ನೆಲೆ.

ಪಾಂಡವಪುರದಲ್ಲಿ ವಿಶ್ವೇಶ್ವರಯ್ಯ ನಾಲೆಯ ಬಯಲಿನ ಕಬ್ಬು, ಭತ್ತದ ಗದ್ದೆಗಳಿವೆ. ಹಾಲು ಹಾಕುವ ಮನೆಗಳಲ್ಲಿ ಡೇರಿ ಪುಸ್ತಕ ಇರುತ್ತದೆ. ಎರಡು ಹೊತ್ತಿನ ಲೀಟರ್ ಲೆಕ್ಕ ಸಿದ್ಧ ಪಟ್ಟಿಯಾಗಿಯೇ ಮಗುವಿನ ಕೈಗೆ ಸಿಗುತ್ತದೆ. ಕೃಷ್ಣರಾಜಪೇಟೆಯ ಹೇಮಗಿರಿ ದನಗಳ ಜಾತ್ರೆ ತಳಿ, ಬೆಲೆಗಳ ಹೋಲಿಕೆಗೆ ಅವಕಾಶ ಕೊಡುತ್ತದೆ. ಬಹುಪಾಲು ಮಳೆಯನ್ನೇ ನಂಬಿದ ನಾಗಮಂಗಲದ ರಾಗಿ ಹೊಲಗಳಲ್ಲಿ ರೈತರು ರೋಹಿಣಿ, ಮೃಗಶಿರ, ಆರಿದ್ರಾ ಎಂದು ಸುಮಾರು ಹದಿಮೂರು-ಹದಿನಾಲ್ಕು ದಿನಗಳ ನಕ್ಷತ್ರವಾರು ಮಳೆ ಲೆಕ್ಕ ಇಡುತ್ತಾರೆ. ದತ್ತಾಂಶವನ್ನು ವರ್ಗಾಂತರಗಳಾಗಿ ವಿಂಗಡಿಸುವ ಪಾಠಕ್ಕೆ ಇದಕ್ಕಿಂತ ಪರಿಚಿತ ಉದಾಹರಣೆ ಹಳ್ಳಿಯ ಮಗುವಿಗೆ ಸಿಗದು. ಇವುಗಳ ಜೊತೆಗೆ ರಾಜ್ಯದ ಅನೇಕ ಸರ್ಕಾರಿ ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆಯಲ್ಲಿ ಸೊಪ್ಪು, ತರಕಾರಿ ಮಾರಿದ ಮಕ್ಕಳ ಕೈಯಲ್ಲಿ ಸಂಜೆಗೆ ಅಸಲು, ಲಾಭಗಳ ಅಂಕಿಗಳಿರುತ್ತವೆ.

ಶಾಲೆಯ ಹೊರಗಿನ ಪ್ರಯತ್ನಗಳು

1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ರಾಜ್ಯದಲ್ಲಿ ನಡೆಸಿಕೊಂಡು ಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಲ್ಲಿ ಆರಂಭವಾಯಿತು. 10ರಿಂದ 17 ವರ್ಷದ ಮಕ್ಕಳು ತಂಡ ಕಟ್ಟಿ ತಮ್ಮೂರಿನ ಒಂದು ಸಮಸ್ಯೆಯನ್ನು ಸಮೀಕ್ಷೆ ಮಾಡಿ ವರದಿ ಮಂಡಿಸುವುದು ಇದರ ಕ್ರಮ. ಕುಂದಾಪುರ ತಾಲ್ಲೂಕಿನಲ್ಲಿ ದುಡಿಯುವ ಮಕ್ಕಳ ಸಂಘಟನೆಯಾದ ಭೀಮ ಸಂಘ ಮತ್ತು ಮಕ್ಕಳ ಪಂಚಾಯಿತಿಗಳ ಮಕ್ಕಳು ಊರಿನ ಸಮೀಕ್ಷೆ ನಡೆಸಿ, ಆ ಮಾಹಿತಿಯನ್ನು ಗ್ರಾಮ ಪಂಚಾಯಿತಿಯ ಮುಂದಿಟ್ಟದ್ದು ಇನ್ನೊಂದು ಮೈಲಿಗಲ್ಲು. 2006ರಿಂದ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ನಡೆಯಬೇಕಾದ ಮಕ್ಕಳ ಗ್ರಾಮಸಭೆ ಇಂಥ ದತ್ತಾಂಶಕ್ಕೆ ವೇದಿಕೆಯಾಗಬಲ್ಲದು.

ಸವಾಲುಗಳು

ಪರೀಕ್ಷೆಗೆ ಸಿದ್ಧಪಡಿಸುವ ಅವಸರದಲ್ಲಿ ದತ್ತಾಂಶದ ಅಧ್ಯಾಯ ಬಹಳ ಕಡೆ ವರ್ಷದ ಕೊನೆಗೆ ಸರಿಯುತ್ತದೆ. ಕೊಟ್ಟ ಅಂಕಿಗೆ ಸ್ಕೇಲು ಹಿಡಿದು ಸ್ತಂಭ ಎಳೆದರೆ ಅಂಕ ಸಿಗುತ್ತದೆ; ಪ್ರಶ್ನೆ ಹುಟ್ಟಿಸಿ, ಮನೆಮನೆಗೆ ಹೋಗಿ ಉತ್ತರ ತಂದದ್ದಕ್ಕೆ ಅಂಕವಿಲ್ಲ. ಒಬ್ಬಿಬ್ಬರು ಶಿಕ್ಷಕರೇ ಹಲವು ತರಗತಿ ನೋಡಿಕೊಳ್ಳುವ ಶಾಲೆಗಳಲ್ಲಿ ಮಕ್ಕಳನ್ನು ಹೊರಗೆ ಕರೆದೊಯ್ಯುವುದೂ ಸುಲಭವಲ್ಲ. 2024ರಲ್ಲಿ ಬಂದ ಎನ್‌ಸಿಇಆರ್‌ಟಿಯ ಆರನೇ ತರಗತಿಯ ‘ಗಣಿತ ಪ್ರಕಾಶ್’ ಪುಸ್ತಕವೂ ದತ್ತಾಂಶಕ್ಕೆ ಪ್ರತ್ಯೇಕ ಅಧ್ಯಾಯ ಮೀಸಲಿಟ್ಟಿದೆ. ಆದರೆ ಪುಸ್ತಕ ಬದಲಾದರೆ ಸಾಲದು. ನೀರು, ಬೆಳೆ, ಬೆಲೆಗಳ ಬಗ್ಗೆ ಅಂಕಿಗಳ ಮೇಲೆಯೇ ತೀರ್ಮಾನಗಳಾಗುವ ಈ ಕಾವೇರಿ ಸೀಮೆಯಲ್ಲಿ, ಅಂಕಿ ಎಲ್ಲಿಂದ ಬಂತು, ಯಾರು ಎಣಿಸಿದರು, ಏನನ್ನು ಬಿಟ್ಟರು ಎಂದು ಕೇಳಬಲ್ಲ ಪ್ರಜೆಗಳು ಬೇಕು. ಅವರನ್ನು ತಯಾರು ಮಾಡುವ ಕೆಲಸ ನಾಲ್ಕನೇ ತರಗತಿಯ ತಾಳೆ ಗುರುತಿನಿಂದಲೇ ಶುರುವಾಗಬೇಕು.