ಡಿಸ್ಕ್ ತುಂಬುವ ಮೊದಲು: ಮೇನ್‌ಫ್ರೇಮ್ ಸಂಗ್ರಹದಲ್ಲಿ ಎರಡು ಮಿತಿಗಳು ಬಂದ ಬಗೆ

ಮೇನ್‌ಫ್ರೇಮ್ ಡಿಸ್ಕುಗಳಲ್ಲಿ ಜಾಗ ತೆರವು ಮಾಡುವುದು ಮೊದಲಿಗೆ ಆಪರೇಟರುಗಳ ಕೈಗೆಲಸವಾಗಿತ್ತು. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕ್ ಘಟಕದಲ್ಲಿ 24 ಅಂಗುಲದ 50 ತಟ್ಟೆಗಳಿದ್ದವು. ಅಷ್ಟೂ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು. 1970ರಲ್ಲಿ ಬಂದ 3330 ಮಾದರಿಯ ಒಂದು ಪ್ಯಾಕಿಗೆ 100 ಮೆಗಾಬೈಟ್ ಹಿಡಿಸಿದರೂ ಡಿಸ್ಕಿನ ಜಾಗ ದುಬಾರಿಯಾಗಿಯೇ ಇತ್ತು. ಬಹಳ ದಿನ ಬಳಕೆಯಾಗದ ಕಡತಗಳನ್ನು ಪಟ್ಟಿ ನೋಡಿ ಟೇಪಿಗೆ ಇಳಿಸಬೇಕಿತ್ತು. ಯಾರಾದರೂ ಕೇಳಿದರೆ ಆ ಟೇಪನ್ನು ಹುಡುಕಿ ಮತ್ತೆ ಏರಿಸಬೇಕಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಐಬಿಎಂ 360/44 ಕೆಲಸ ಮಾಡುತ್ತಿತ್ತು. 1978ರಲ್ಲಿ ಐಬಿಎಂ ಭಾರತ ಬಿಟ್ಟಾಗ ಅದರ ಯಂತ್ರಗಳ ನಿರ್ವಹಣೆ ಸರ್ಕಾರಿ ಸ್ವಾಮ್ಯದ ಸಿಎಂಸಿ ಪಾಲಿಗೆ ಬಂತು. ಮುಂದಿನ ದಶಕದಲ್ಲಿ ವಿಜ್ಞಾನ ಸಂಸ್ಥೆಗೆ ಡೆಕ್ 1090 ಕಂಪ್ಯೂಟರ್ ಬಂತು. ಕಾರ್ಡು ಕೊರೆಯುವ ಕಾಲದಲ್ಲಿ ಪ್ರೋಗ್ರಾಂ ಬರೆದವನ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಟರ್ಮಿನಲ್ ಬಂದ ಮೇಲೆ ಎಲ್ಲರ ಕಡತಗಳೂ ಡಿಸ್ಕಿನಲ್ಲೇ ಬೀಡುಬಿಟ್ಟವು. ಜಾಗದ ತಾಪತ್ರಯ ನಿಜವಾಗಿ ಬೆಳೆದದ್ದು ಇಂಥ ಬದಲಾವಣೆಯಿಂದ.

ಐಬಿಎಂ 1974ರಲ್ಲಿ 3850 ಎಂಬ ಬೃಹತ್ ಸಂಗ್ರಹ ಯಂತ್ರವನ್ನು ತಂದಿತು. ಜೇನುಹಟ್ಟಿಯಂಥ ಗೂಡುಗಳಲ್ಲಿಟ್ಟ ಟೇಪ್ ಕಾರ್ಟ್ರಿಜ್‌ಗಳನ್ನು ಯಂತ್ರವೇ ತೆಗೆದು ಓದುತ್ತಿತ್ತು. ಯಾವುದು ಎಲ್ಲಿರಬೇಕೆಂದು ತೀರ್ಮಾನಿಸುವ ತಂತ್ರಾಂಶ ಎಚ್‌ಎಸ್‌ಎಂ ಬಂದದ್ದು 1978ರಲ್ಲಿ. ಅದು ಸಂಗ್ರಹವನ್ನು ಮೆಟ್ಟಿಲುಗಳಾಗಿ ಕಂಡಿತು: ಮೇಲೆ ವೇಗದ ಡಿಸ್ಕ್, ನಡುವೆ ಕಡತಗಳನ್ನು ಕುಗ್ಗಿಸಿಡುವ ಅಗ್ಗದ ಡಿಸ್ಕ್, ಕೆಳಗೆ ಟೇಪು.

ಸುಳ್ಯ ತಾಲೂಕಿನ ಅರಂತೋಡಿನಂಥ ಊರಿನ ಅಡಿಕೆ ಬೆಳೆಗಾರರಿಗೆ ಈ ಲೆಕ್ಕ ಅಪರಿಚಿತವೇನಲ್ಲ: ಅಂಗಳದಲ್ಲಿ ಒಣಗಿದ್ದು ಅಟ್ಟಕ್ಕೆ, ಅಟ್ಟ ತುಂಬುತ್ತ ಬಂದರೆ ಹಳೆಯದು ಪೇಟೆಗೆ. ಆದರೆ ಮಾರಿದ ಅಡಿಕೆ ಮರಳಿ ಬರುವುದಿಲ್ಲ. ಕೆಳಗಿಳಿದ ಕಡತ ಕೇಳಿದಾಗ ಬರಲೇಬೇಕು. ಅದಕ್ಕಾಗಿ ಕಡತದ ಹೆಸರು ಕೆಟಲಾಗಿನಲ್ಲಿ ಹಾಗೆಯೇ ಉಳಿಯುತ್ತದೆ. ಡಿಸ್ಕಿನ ಹೆಸರಿರಬೇಕಾದಲ್ಲಿ ಮಾತ್ರ ಮೈಗ್ರಾಟ್ ಎಂಬ ಗುರುತು ಕೂರುತ್ತದೆ. ಯಾರಾದರೂ ಅದನ್ನು ತೆರೆಯಹೊರಟರೆ ಎಚ್‌ಎಸ್‌ಎಂ ಮೇಲಕ್ಕೆ ತರುತ್ತದೆ, ಅಲ್ಲಿಯವರೆಗೆ ಕೇಳಿದವರು ಕಾಯಬೇಕು.

1980ರ ದಶಕದ ಕೊನೆಗೆ ಬಂದ ಡಿಎಫ್‌ಎಸ್‌ಎಂಎಸ್ ವ್ಯವಸ್ಥೆ ಡಿಸ್ಕುಗಳನ್ನು ಒಂದೊಂದಾಗಿ ನೋಡುವುದನ್ನು ಬಿಟ್ಟು ಪೂಲ್‌ಗಳಾಗಿ ಕಟ್ಟಿತು. ಪ್ರತಿ ಪೂಲಿಗೂ ಮೇಲ್ಮಿತಿ ಮತ್ತು ಕೆಳಮಿತಿ ಎಂಬ ಎರಡು ಅಂಕಿಗಳು. ಮೇಲ್ಮಿತಿ ಶೇ 85, ಕೆಳಮಿತಿ ಶೇ 60 ಎಂದಿಟ್ಟುಕೊಂಡರೆ, ದಿನಕ್ಕೊಮ್ಮೆ ನಡೆಯುವ ತೆರವಿನಲ್ಲಿ ಬಹುಕಾಲ ಮುಟ್ಟದ ಕಡತಗಳು ಮೊದಲು ಇಳಿಯುತ್ತವೆ. ತುಂಬಿದ ಜಾಗ ಶೇ 60ಕ್ಕೆ ಬಂದಾಗ ಕೆಲಸ ನಿಲ್ಲುತ್ತದೆ. ಬೇಕೆಂದರೆ ಮೇಲ್ಮಿತಿ ದಾಟಿತೇ ಎಂದು ಗಂಟೆಗೊಮ್ಮೆ ತಪಾಸಣೆಯನ್ನೂ ಇಡಬಹುದು.

ಕುಶಲತೆ ಬೇಕಾಗುವುದು ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ. ಕೆಳಮಿತಿ ತೀರ ಕಡಿಮೆಯಾದರೆ ನಿನ್ನೆ ಇಳಿದದ್ದು ಇಂದು ಏರುತ್ತದೆ, ಯಂತ್ರ ಸುಮ್ಮನೆ ಬೆವರುತ್ತದೆ. ಮೇಲ್ಮಿತಿ ಹೆಚ್ಚಾದರೆ ರಾತ್ರಿಯ ಬ್ಯಾಚ್ ಕೆಲಸಕ್ಕೆ ಜಾಗ ಸಾಲದೆ ಬಿ37 ಎಂಬ ಅಬೆಂಡ್ (ಅಸಹಜ ಮುಕ್ತಾಯ) ಆಗಿ ಕೆಲಸವೇ ನಡುವೆ ನಿಲ್ಲುತ್ತದೆ. ತಿಂಗಳ ಕೊನೆಯಲ್ಲಿ ಲೆಕ್ಕ ಮುಗಿಸುವ ಬ್ಯಾಂಕಿಗೂ ದಿನವಿಡೀ ಒಂದೇ ಹದದ ಕೆಲಸವಿರುವ ಕಚೇರಿಗೂ ಒಂದೇ ಅಂಕಿ ಒಗ್ಗುವುದಿಲ್ಲ. ಕೈಪಿಡಿಯ ಮಾದರಿ ಅಂಕಿಯನ್ನು ಹಾಗೆಯೇ ನಕಲಿಸುವುದು ಸೋಮಾರಿತನ.

1992ರಲ್ಲಿ ಟಾಟಾ ಜೊತೆಗೂಡಿ ಐಬಿಎಂ ಬೆಂಗಳೂರಿಗೆ ಮರಳಿತು. ವಿದೇಶಿ ಬ್ಯಾಂಕು, ವಿಮಾ ಕಂಪನಿಗಳ ಮೇನ್‌ಫ್ರೇಮ್ ನಿರ್ವಹಣೆಯೂ ಕ್ರಮೇಣ ಆ ನಗರದ ಕಸುಬಾಯಿತು. ಅಮೆರಿಕದ ಪೂಲ್ ತುಂಬಿತೇ ಎಂದು ನೋಡುವವರು ಇಲ್ಲಿ ಕೂತರು. ಅರಂತೋಡಿನ ಪಕ್ಕದ ಸುಳ್ಯದಲ್ಲಿ 1986ರಲ್ಲೇ ಕೆ.ವಿ.ಜಿ. ಎಂಜಿನಿಯರಿಂಗ್ ಕಾಲೇಜು ಆರಂಭವಾಗಿದ್ದರಿಂದ, ಇಂಥ ಕೆಲಸಕ್ಕೆ ಬೇಕಾದ ಓದು ಆ ಸೀಮೆಯವರಿಗೂ ಹತ್ತಿರವಾಗಿತ್ತು.

2011ರಲ್ಲಿ ಬಂದ ಮೇನ್‌ಫ್ರೇಮ್ ಕಾರ್ಯಾಚರಣ ವ್ಯವಸ್ಥೆ ಜ಼ೆಡ್/ಓಎಸ್ 1.13 ಗಂಟೆಯ ಕಾಯುವಿಕೆಯನ್ನು ತಪ್ಪಿಸಿತು. ಮೇಲ್ಮಿತಿ ದಾಟಿದ ಕೂಡಲೇ ತೆರವು ಶುರುಮಾಡುವ ಆಯ್ಕೆ ಬಂತು. ಈಗ ಅನೇಕ ಕಡೆ ನಡುವಿನ ಮೆಟ್ಟಿಲನ್ನು ಬಿಟ್ಟು ಕಡತಗಳನ್ನು ನೇರವಾಗಿ ವರ್ಚುವಲ್ ಟೇಪಿಗೆ ಇಳಿಸುತ್ತಾರೆ. ಹೆಸರಿಗೆ ಟೇಪಾದರೂ ಅದರ ಮುಂಭಾಗದಲ್ಲಿರುವುದು ಡಿಸ್ಕೇ. ಆ ಡಿಸ್ಕು ತುಂಬದಂತೆ ಅಲ್ಲಿಯೂ ಮಿತಿ ಗೊತ್ತುಮಾಡಬೇಕು.