ಚೌಕ ಪಿನ್ನು, ಉರುಟು ತೂತು

1973ರ ಬಳಿಕ ತೈಲದ ಬೆಲೆ ಏರಿ, ಕೊಲ್ಲಿ ನಾಡುಗಳಲ್ಲಿ ದುಡಿಯುವ ಕೈಗಳಿಗೆ ಬೇಡಿಕೆ ಹೆಚ್ಚಿತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯ ಯುವಕರೂ ಮುಂಬಯಿ ದಾರಿಯಾಗಿ ಅತ್ತ ಹೊರಟರು. ರಜೆಗೆ ಮರಳಿದವರ ಪೆಟ್ಟಿಗೆಗಳಲ್ಲಿ ಅತ್ತರು, ಬಟ್ಟೆಗಳ ಜೊತೆ ಟೇಪ್ ರೆಕಾರ್ಡರ್, ಇಸ್ತ್ರಿಪೆಟ್ಟಿಗೆ, ಮಿಕ್ಸಿಗಳೂ ಬಂದವು. ಈ ವಲಸೆಯ ಕತೆಯನ್ನು ನಾವು ಹಣದ ಲೆಕ್ಕದಲ್ಲಿ, ಅಗಲಿಕೆಯ ಲೆಕ್ಕದಲ್ಲಿ ಹೇಳುತ್ತೇವೆ. ಗೋಡೆಯ ಸಾಕೆಟ್ಟಿಗೂ ಅದರಲ್ಲೊಂದು ಪಾಲಿದೆ.

ದುಬೈ, ಬಹರೈನ್ ಮೊದಲಾದೆಡೆ ಪ್ಲಗ್ಗಿಗೆ ಚೌಕ ಪಿನ್ನು, ನಮ್ಮಲ್ಲಿ ಉರುಟು ಪಿನ್ನು. ಸೋಜಿಗವೆಂದರೆ ಎರಡೂ ಬ್ರಿಟಿಷರವೇ. ಉರುಟು ಪಿನ್ನು ಅವರ ಹಳೆಯ ಪದ್ಧತಿ. ಯುದ್ಧ ಮುಗಿದ ಮೇಲೆ, 1947ರಲ್ಲಿ, ಪ್ಲಗ್ಗಿನೊಳಗೇ ಫ್ಯೂಸ್ ಇರುವ ಚೌಕ ಪಿನ್ನಿನ ಮಾನದಂಡ ಬಂತು. ಅದೇ ವರ್ಷ ಸ್ವತಂತ್ರವಾದ ಭಾರತದಲ್ಲಿ ಹಳೆಯದೇ ಉಳಿಯಿತು. ಕೊಲ್ಲಿಯಲ್ಲಿ ಮನೆಮನೆಗೆ ವಿದ್ಯುತ್ ತಲುಪಿದ್ದು ಆಮೇಲೆ. ಹಾಗಾಗಿ ಅಲ್ಲಿಗೆ ಹೊಸದು ಹೋಯಿತು.

ಅಲ್ಲಿನ ವೋಲ್ಟೇಜು ನಮ್ಮ 230ಕ್ಕೆ ಹತ್ತಿರವೇ, ಆವರ್ತನವೂ ನಮ್ಮಂತೆ 50. ಪ್ಲಗ್ ಬದಲಿಸಿದರೆ ಸಾಕು. ಆದರೆ ಚೌಕ ಪ್ಲಗ್ಗನ್ನು ಕತ್ತರಿಸಿ ಎರಡು ಪಿನ್ನಿನದನ್ನು ಕಟ್ಟಿದಾಗ ಫ್ಯೂಸೂ ಹೋಯಿತು, ಅರ್ಥಿಂಗೂ ಹೋಯಿತು. ಲೋಹದ ಮೈಯ ಇಸ್ತ್ರಿಪೆಟ್ಟಿಗೆಗೆ ಆ ಮೂರನೆಯ ಪಿನ್ನೇ ಜೀವರಕ್ಷಕ.

ಸೌದಿಯ ಸಾಮಾನು ಇನ್ನೂ ತೊಡಕಿನದು. ಅಲ್ಲಿ ಮನೆಬಳಕೆಗೆ ಬಹುಕಾಲ 127 ವೋಲ್ಟ್ ಇತ್ತು, ಆವರ್ತನ 60. ಆ 127ರ ಇಸ್ತ್ರಿಪೆಟ್ಟಿಗೆಯನ್ನು ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಮೂರು ಪಟ್ಟಿಗೂ ಮಿಕ್ಕಿ ಶಾಖ ಹುಟ್ಟಿ, ಬೆವರಿನ ಗಳಿಕೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಅದಕ್ಕೆ ಟ್ರಾನ್ಸ್‌ಫಾರ್ಮರ್ ಬೇಕು. ಅದು ವೋಲ್ಟೇಜನ್ನು ಇಳಿಸೀತು, ಆವರ್ತನವನ್ನು ಬದಲಿಸದು. 60ಕ್ಕೆ ಮಾಡಿದ ಸಾಧಾರಣ ಮೋಟಾರು ಇಲ್ಲಿ ಸುಮಾರು ಆರನೇ ಒಂದಂಶ ನಿಧಾನವಾಗಿ ತಿರುಗುತ್ತದೆ. 2010ರಲ್ಲಿ ಸೌದಿ ಸರಕಾರವು 230ಕ್ಕೆ ಹಂತಹಂತವಾಗಿ ಬದಲಾಗಲು ತೀರ್ಮಾನಿಸಿತು. ಆವರ್ತನ ಮಾತ್ರ 60 ಆಗಿಯೇ ಇದೆ.

ತಂದವರು ರಜೆ ಮುಗಿಸಿ ಹೊರಡುತ್ತಾರೆ. ದಿನವೂ ಆ ಸಾಮಾನನ್ನು ಮುಟ್ಟುವವರು ಮನೆಯ ಹೆಂಗಸರು. ಅದರ ಬೆನ್ನಿನ ಚೀಟಿ ಇಂಗ್ಲಿಷಿನಲ್ಲಿ, ಕೆಲವೊಮ್ಮೆ ಅರಬಿಯಲ್ಲಿ. ಮದ್ರಸಾದಲ್ಲಿ ಅರಬಿ ಅಕ್ಷರ ಕಲಿತವರೂ ಅದನ್ನು ಓದಿಯಾರು, ಅರ್ಥ ದಕ್ಕದು.

ಇಂದಿನ ಮೊಬೈಲ್ ಚಾರ್ಜರುಗಳ ಮೇಲೆ ಸಾಮಾನ್ಯವಾಗಿ 100ರಿಂದ 240 ಎಂದಿರುತ್ತದೆ. ಅವಕ್ಕೆ ಅಡಾಪ್ಟರ್ ಸಾಕು. ಇಸ್ತ್ರಿಪೆಟ್ಟಿಗೆ, ಮಿಕ್ಸಿಗಳಿಗೆ ಈ ಮಾತು ಹೇಳಲಾಗದು. 2006ರಿಂದ ಮಂಗಳೂರಿನಿಂದಲೇ ಕೊಲ್ಲಿಗೆ ವಿಮಾನವಿದೆ, ದಾರಿ ಹತ್ತಿರವಾಗಿದೆ. ಮರಳಿ ವಿಮಾನ ಹತ್ತುವ ಮುನ್ನ ಆ ಚೀಟಿಯ ಅಂಕಿಗಳನ್ನು ಮನೆಯವರಿಗೆ ಅವರ ಮಾತಿನಲ್ಲೇ ತಿಳಿಸಿ ಹೋಗುವುದೂ ಹೊಣೆಯೇ.