ಮೇಲುಕೋಟೆ: ಬೆಟ್ಟ ಮತ್ತು ಬಯಲಿನ ಚಾರಿತ್ರಿಕ ಸಂಬಂಧ

ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿಗೆ ಸೇರಿದ ಮೇಲುಕೋಟೆಯು ದಕ್ಷಿಣ ಕರ್ನಾಟಕದ ಪ್ರಸಿದ್ಧ ಗಿರಿಕ್ಷೇತ್ರಗಳಲ್ಲಿ ಒಂದು. ಯಾದವಗಿರಿ, ಯದುಗಿರಿ, ನಾರಾಯಣಾದ್ರಿ, ತಿರುನಾರಾಯಣಪುರ ಎಂಬ ಹೆಸರುಗಳೂ ಇದಕ್ಕೆ ಸಲ್ಲುತ್ತವೆ. ಈ ಕ್ಷೇತ್ರವನ್ನು ಕುರಿತ ಬರಹಗಳು ಸಾಮಾನ್ಯವಾಗಿ ಬೆಟ್ಟದ ತುದಿಯ ಯೋಗಾನರಸಿಂಹ, ಊರ ನಡುವಣ ಚೆಲುವನಾರಾಯಣ ಮತ್ತು ಕಲ್ಯಾಣಿ, ಈ ಮೂರರ ವರ್ಣನೆಯೊಂದಿಗೆ ಮುಗಿಯುತ್ತವೆ. ದಕ್ಷಿಣದ ಶ್ರೀರಂಗಪಟ್ಟಣ ಹಾಗೂ ಪಾಂಡವಪುರ, ಪಶ್ಚಿಮದ ಕೃಷ್ಣರಾಜಪೇಟೆ, ಉತ್ತರದ ನಾಗಮಂಗಲಗಳು ಸಮೀಪದ ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯಲ್ಲಿ ಸೇರಿಹೋಗುತ್ತವೆ. ಶಾಸನಗಳು, ಪ್ರವಾಸಿಗರ ದಾಖಲೆಗಳು ಮತ್ತು ಇಂದಿಗೂ ನಡೆದುಬಂದಿರುವ ಉತ್ಸವಗಳು ಕಟ್ಟಿಕೊಡುವ ಚಿತ್ರ ಇದಕ್ಕಿಂತ ಭಿನ್ನವಾದುದು. ಬೆಟ್ಟದ ಊರು ಹಾಳಾದಾಗಲೆಲ್ಲ ಅದನ್ನು ಮತ್ತೆ ಎತ್ತಿ ನಿಲ್ಲಿಸಿದವರು ಬಯಲಿನ ಊರುಗಳವರು. ಬಯಲಿನಲ್ಲಿ ಅಧಿಕಾರ ಗಳಿಸಿದವರು ಮಾನ್ಯತೆಗಾಗಿ ಬೆಟ್ಟ ಹತ್ತಿದರು. ಈ ಪರಸ್ಪರ ಸಂಬಂಧವನ್ನು ಗುರುತಿಸದೆ ಮೇಲುಕೋಟೆಯ ಚರಿತ್ರೆ ಪೂರ್ಣವಾಗದು.

ಈ ಸಂಬಂಧದ ಮೊದಲ ಕೊಂಡಿ ತೊಣ್ಣೂರು. ಪಾಂಡವಪುರದಿಂದ ಮೇಲುಕೋಟೆಗೆ ಹೋಗುವ ದಿಕ್ಕಿನಲ್ಲಿರುವ ಈ ಊರು ಯಾದವಪುರವೆಂಬ ಹೆಸರಿನಿಂದ ಹೊಯ್ಸಳರ ನೆಲೆವೀಡಾಗಿತ್ತು. ಚೋಳನಾಡಿನಲ್ಲಿ ಕಿರುಕುಳಕ್ಕೊಳಗಾಗಿ ಬಂದ ರಾಮಾನುಜಾಚಾರ್ಯರು ವಿಷ್ಣುವರ್ಧನನ ಆಶ್ರಯ ಪಡೆದುದು ಇಲ್ಲಿಯೇ ಎಂಬುದು ಶ್ರೀವೈಷ್ಣವ ಪರಂಪರೆಯ ನಿರೂಪಣೆ. ಲಕ್ಷ್ಮೀನಾರಾಯಣ, ಗೋಪಾಲಕೃಷ್ಣ, ಯೋಗಾನರಸಿಂಹ ದೇವಾಲಯಗಳು ಇಲ್ಲಿವೆ. ಎರಡು ಬೆಟ್ಟಗಳ ನಡುವೆ ಏರಿ ಕಟ್ಟಿ ನಿರ್ಮಿಸಿದ ಕೆರೆಗೆ ಆಚಾರ್ಯರು ತಿರುಮಲಸಾಗರವೆಂದು ಹೆಸರಿಟ್ಟರೆಂಬ ಪ್ರತೀತಿಯಿದೆ. ಮುಂದೆ 18ನೆಯ ಶತಮಾನದಲ್ಲಿ ಅದರ ತಿಳಿನೀರನ್ನು ಕಂಡು ನಾಸಿರ್ ಜಂಗನು ಮೋತಿ ತಲಾಬ್ ಎಂದು ಕರೆದನು. ದ್ವಾರಸಮುದ್ರವು ದೆಹಲಿಯ ಸೈನ್ಯಗಳ ದಾಳಿಗೆ ತುತ್ತಾದ ಮೇಲೆ ಮುಮ್ಮಡಿ ಬಲ್ಲಾಳನು ತೊಣ್ಣೂರಿಗೆ ಹಿಂದೆಗೆದನೆಂದು ರೈಸ್ ಹೇಳುತ್ತಾರೆ. ಆಶ್ರಯ ಬೇಡಿ ಬಂದ ಯತಿಗೂ ರಾಜಧಾನಿ ಕಳೆದುಕೊಂಡ ಅರಸನಿಗೂ ಒಂದೇ ನೆಲ ಆಸರೆಯಾದುದು ಗಮನಾರ್ಹ.

ರಾಮಾನುಜರ ಆಗಮನದ ಕಾಲವನ್ನು ಕುರಿತು ಎಚ್ಚರ ಅಗತ್ಯ. ಮೇಲುಕೋಟೆಯ ಪ್ರತಿಷ್ಠೆಯು ಸುಮಾರು ಕ್ರಿ.ಶ. 1100ರ ಹೊತ್ತಿಗೆ ನಡೆಯಿತೆಂದು ಸಂಪ್ರದಾಯ ಹೇಳಿದರೆ, ವಿಷ್ಣುವರ್ಧನನು ಪಟ್ಟಕ್ಕೆ ಬಂದುದು 1108ರ ಸುಮಾರಿಗೆ. ಉತ್ಸವಮೂರ್ತಿ ಚೆಲುವಪಿಳ್ಳೆಯನ್ನು ಆಚಾರ್ಯರು ದೆಹಲಿಯ ಸುಲ್ತಾನನಿಂದ ಪಡೆದು ತಂದರೆಂಬ ಕಥೆಯೂ ಇದೇ ಬಗೆಯದು. ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಆರಂಭವಾದುದು 1206ರಲ್ಲಿ. ಆದರೂ ಇಂತಹ ಕಥೆಗಳನ್ನು ಕಾಲಗಣನೆಯ ಒಂದೇ ಅಳತೆಗೋಲಿನಿಂದ ತಳ್ಳಿಹಾಕುವುದು ಉಚಿತವಲ್ಲ. ಮೂರ್ತಿಯನ್ನು ಹಿಂಬಾಲಿಸಿ ಬಂದ ಸುಲ್ತಾನನ ಮಗಳು ಬೀಬಿ ನಾಚ್ಚಿಯಾರ್ ಸ್ವಾಮಿಯ ಪಾದದ ಬಳಿ ಇಂದಿಗೂ ಪೂಜೆಗೊಳ್ಳುತ್ತಾಳೆ. ದಾಳಿಯ ನೆನಪನ್ನು ಒಂದು ಸಮಾಜವು ಪ್ರೇಮದ ಕಥೆಯಾಗಿ ಮಾರ್ಪಡಿಸಿಕೊಂಡ ಬಗೆಯನ್ನು ಇದು ಸೂಚಿಸುತ್ತದೆ.

ಅದೇ ಕಥಾಪರಂಪರೆಯ ಇನ್ನೊಂದು ಎಳೆ ಸಾಮಾಜಿಕ ಚರಿತ್ರೆಯ ದೃಷ್ಟಿಯಿಂದ ಹೆಚ್ಚು ಮಹತ್ತ್ವದ್ದು. ಮೂರ್ತಿಯನ್ನು ತರುವಲ್ಲಿ ನೆರವಾದ ಅಸ್ಪೃಶ್ಯ ಸಮುದಾಯದವರನ್ನು ರಾಮಾನುಜರು ‘ತಿರುಕುಲತ್ತಾರ್’ ಎಂದು ಕರೆದು, ವರ್ಷದಲ್ಲಿ ಮೂರು ದಿನ ದೇವಾಲಯ ಪ್ರವೇಶದ ಹಕ್ಕು ನೀಡಿದರೆಂದು ಹೇಳಲಾಗುತ್ತದೆ. 1800ರಲ್ಲಿ ಈ ಪ್ರದೇಶದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಪದ್ಧತಿಯನ್ನು ದಾಖಲಿಸಿದ್ದಾನೆ. ಇದು ಆ ಕಾಲಕ್ಕೆ ಅಪೂರ್ವವಾದ ಔದಾರ್ಯವೆಂಬುದು ನಿಜ. ಉಳಿದ ದಿನಗಳಲ್ಲಿ ಬಾಗಿಲು ಮುಚ್ಚಿತ್ತೆಂಬುದೂ ಅಷ್ಟೇ ನಿಜ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ನಿಷೇಧಿಸುವವರೆಗಿನ ದೀರ್ಘಕಾಲವನ್ನು ನೆನೆದಾಗ, ಈ ಮೂರು ದಿನಗಳನ್ನು ಹೊಗಳಿಕೆ ಮತ್ತು ವಿಮರ್ಶೆ ಎರಡರ ಬೆಳಕಿನಲ್ಲಿಯೂ ನೋಡಬೇಕಾಗುತ್ತದೆ.

ವಿಷ್ಣುವರ್ಧನನ ಮತಾಂತರದೊಡನೆ ಜೈನಧರ್ಮ ಈ ಭಾಗದಿಂದ ಅಳಿಸಿಹೋಯಿತೆಂಬ ಭಾವನೆಯೂ ಪುನರ್ವಿಮರ್ಶೆಗೆ ಅರ್ಹವಾದುದು. ಅವನ ದಂಡನಾಯಕ ಗಂಗರಾಜನು ಜೈನನಾಗಿಯೇ ಉಳಿದನು. ರಾಣಿ ಶಾಂತಲೆಯೂ ಜೈನಳೇ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಯು ಗಂಗರ ಕಾಲದ ಶಿಲ್ಪಪರಂಪರೆಯನ್ನು ಇಂದಿಗೂ ಕಾಪಾಡಿಕೊಂಡಿದೆ. ಕೃಷ್ಣರಾಜಪೇಟೆ ತಾಲ್ಲೂಕು ಮತ್ತೊಂದು ಮುಖವನ್ನು ತೋರಿಸುತ್ತದೆ. ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯವನ್ನು 1171ರಲ್ಲಿ ಕಟ್ಟಿಸಿದವಳು ಬಮ್ಮವ್ವೆ ನಾಯಕಿತಿ. ಗೋವಿಂದನಹಳ್ಳಿಯಲ್ಲಿ ಐದು ಗರ್ಭಗೃಹಗಳು ಸಾಲಾಗಿ ನಿಂತಿರುವ ಪಂಚಲಿಂಗೇಶ್ವರ ದೇವಾಲಯವಿದ್ದು, ಅಲ್ಲಿ ರೂವಾರಿ ಮಲ್ಲಿತಮ್ಮನ ಕೈಕೆಲಸವಿದೆ. ಹೊಸಹೊಳಲಿನ ಲಕ್ಷ್ಮೀನಾರಾಯಣ ತ್ರಿಕೂಟವು 13ನೆಯ ಶತಮಾನದ ನಡುಭಾಗದ್ದು; ಅದರ ಅಧಿಷ್ಠಾನದ ಪಟ್ಟಿಕೆಗಳಲ್ಲಿ ರಾಮಾಯಣ, ಮಹಾಭಾರತ, ಭಾಗವತಗಳ ಪ್ರಸಂಗಗಳು ಕೆತ್ತಲ್ಪಟ್ಟಿವೆ. ವೈಷ್ಣವ ಗಿರಿಯ ಸುತ್ತ ಶೈವ, ಜೈನ, ವೈಷ್ಣವ ನೆಲೆಗಳು ಒಂದೇ ಶತಮಾನಗಳಲ್ಲಿ ಬಾಳಿದವೆಂಬುದಕ್ಕೆ ಇವು ಪ್ರಮಾಣ.

ಹೊಯ್ಸಳರ ಪತನಾನಂತರ ಮೇಲುಕೋಟೆಯು ಹಾಳಾಗಿದ್ದು, ಅದನ್ನು ಪುನರುದ್ಧರಿಸಿದವನು ನಾಗಮಂಗಲದ ಪ್ರಭು ತಿಮ್ಮಣ್ಣ ದಂಡನಾಯಕ. ವಿಜಯನಗರದ ಅರಸ ಮಲ್ಲಿಕಾರ್ಜುನನ ಕಾಲದ 1458ರ ಶಾಸನವು ಈ ಜೀರ್ಣೋದ್ಧಾರವನ್ನು ತಿಳಿಸುತ್ತದೆ; ತಿಮ್ಮಣ್ಣನ ಪತ್ನಿ ರಂಗನಾಯಕಿಯು ರಂಗಮಂಟಪವನ್ನು ಕಟ್ಟಿಸಿದಳು. ಶ್ರೀರಂಗಪಟ್ಟಣದ ಕೋಟೆಯನ್ನು 1454ರಲ್ಲಿ ಕಟ್ಟಿಸಿದವನೂ ನಾಗಮಂಗಲದ ತಿಮ್ಮಣ್ಣನೇ ಎಂಬುದು ಪರಂಪರೆಯ ಹೇಳಿಕೆ. ಹೀಗೆ ಬೆಟ್ಟದ ದೇವಾಲಯ ಮತ್ತು ಹೊಳೆ ನಡುವಣ ಕೋಟೆ, ಎರಡರ ಹಿಂದೆಯೂ ನಾಗಮಂಗಲದ ಒಂದೇ ಮನೆತನ ಕಾಣಿಸಿಕೊಳ್ಳುತ್ತದೆ. ಇಂದು ನಾಗಮಂಗಲಕ್ಕೆ ಹೋದವರು ಸೌಮ್ಯಕೇಶವನ ಗುಡಿಯನ್ನೂ ಅಲ್ಲಿನ ಹಿತ್ತಾಳೆಯ ಕೆಲಸವನ್ನೂ ಮೆಚ್ಚುತ್ತಾರೆ. ಮೇಲುಕೋಟೆಯ ಮರುಹುಟ್ಟಿಗೆ ಆ ಊರು ಕಾರಣವಾಯಿತೆಂಬುದು ಮಾತ್ರ ವಿರಳವಾಗಿ ನೆನಪಾಗುತ್ತದೆ.

ಮುಂದಿನ ಕೊಂಡಿ ಶ್ರೀರಂಗಪಟ್ಟಣದ್ದು. 1610ರಲ್ಲಿ ವಿಜಯನಗರದ ಪ್ರತಿನಿಧಿ ತಿರುಮಲನಿಂದ ಈ ಪಟ್ಟಣವನ್ನು ಪಡೆದ ರಾಜ ಒಡೆಯರು ಮೇಲುಕೋಟೆಯ ಸ್ವಾಮಿಗೆ ರಾಜಮುಡಿಯನ್ನು ಅರ್ಪಿಸಿದರು. 1617ರಲ್ಲಿ ಅವರು ದೇವರಲ್ಲಿ ಐಕ್ಯರಾದರೆಂಬ ನಂಬಿಕೆಯಿದೆ. ಅವರ ಹೆಸರುಳ್ಳ ಭಕ್ತವಿಗ್ರಹವು ದೇವಾಲಯದ ಕಂಬವೊಂದರಲ್ಲಿ ಕೈಮುಗಿದು ನಿಂತಿದೆ. ಹೊಸದಾಗಿ ತಲೆಯೆತ್ತಿದ ರಾಜ್ಯವೊಂದಕ್ಕೆ ಕೋಟೆಯಷ್ಟೇ ಕ್ಷೇತ್ರದ ಅನುಗ್ರಹವೂ ಬೇಕಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ. ಎರಡು ಶತಮಾನಗಳ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರು ಕೃಷ್ಣರಾಜಮುಡಿಯನ್ನು ಸಮರ್ಪಿಸಿ ಅದೇ ಮಾರ್ಗವನ್ನು ಅನುಸರಿಸಿದರು.

ರಾಜಧಾನಿಯ ಸಾಮೀಪ್ಯ ಬೆಟ್ಟಕ್ಕೆ ಕಷ್ಟವನ್ನೂ ತಂದಿತು. 1771ರ ಮಾರ್ಚ್‌ನಲ್ಲಿ ಚಿನಕುರಳಿಯ ಬಳಿ ಹೈದರಾಲಿಯ ಸೈನ್ಯವನ್ನು ಸೋಲಿಸಿದ ಮರಾಠರ ಪಡೆ ಮೇಲುಕೋಟೆಯನ್ನು ಲೂಟಿ ಮಾಡಿತು. ಜನರು ಊರು ಬಿಟ್ಟಿದ್ದರು. ಕಬ್ಬಿಣದ ಆಸೆಗೆ ಮರದ ದೊಡ್ಡ ರಥಗಳಿಗೆ ಬೆಂಕಿಯಿಡಲಾಯಿತೆಂದೂ, ಅದು ದೇವಾಲಯಕ್ಕೂ ಹಬ್ಬಿತೆಂದೂ ತಿಳಿದುಬರುತ್ತದೆ. ಟಿಪ್ಪು ಸುಲ್ತಾನನ ಕಾಲದ ಬಗ್ಗೆ ಎರಡು ಬಗೆಯ ನೆನಪುಗಳು ಒಂದೇ ಊರಿನಲ್ಲಿವೆ. ಅವನು ದೇವಾಲಯಕ್ಕೆ ಕೊಟ್ಟ ಪಾತ್ರೆಗಳು ಬರಹಸಹಿತ ಉಳಿದಿವೆ. ಇತ್ತ ಮಂಡಯಂ ಅಯ್ಯಂಗಾರ್ ಮನೆತನಗಳು ತಮ್ಮ ಪೂರ್ವಜರ ಹತ್ಯೆಯ ಸ್ಮರಣೆಯಿಂದ ನರಕ ಚತುರ್ದಶಿಯನ್ನು ಆಚರಿಸುವುದಿಲ್ಲ. ಆ ಘಟನೆಯ ದಾಖಲೆಗಳ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಒಂದನ್ನು ಹಿಡಿದು ಮತ್ತೊಂದನ್ನು ಮರೆಮಾಡುವುದು ಸಂಶೋಧಕನ ಕೆಲಸವಲ್ಲ. ಅದೇ ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟ ಹಿರೋಡೆಯು ‘ಫ್ರೆಂಚ್ ರಾಕ್ಸ್’ ಎನಿಸಿ, ಮುಂದೆ ಕುಂತಿಬೆಟ್ಟದ ಐತಿಹ್ಯಕ್ಕೆ ಹೊಂದಿಕೊಂಡು ಪಾಂಡವಪುರವಾಯಿತು. 1799ರ ಮುತ್ತಿಗೆಯ ಸಂದರ್ಭದಲ್ಲಿ ಶತ್ರುಗಳಿಗೆ ನೀರು ದೊರೆಯಬಾರದೆಂದು ತೊಣ್ಣೂರು ಕೆರೆಯ ಏರಿಯನ್ನು ಒಡೆಸಲಾಯಿತು. ಆ ವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಏರಿ ಮತ್ತೆ ಕಟ್ಟಲ್ಪಟ್ಟಿತು. ಕೆರೆ ಇಂದಿಗೂ ತುಂಬುತ್ತದೆ.

ಈ ಚರಿತ್ರೆಯ ಎಳೆಗಳನ್ನು ವರ್ಷಕ್ಕೊಮ್ಮೆ ಕೂಡಿಸಿ ತೋರಿಸುವುದು ವೈರಮುಡಿ ಉತ್ಸವ. ಫಾಲ್ಗುಣದ ಬ್ರಹ್ಮೋತ್ಸವದಲ್ಲಿ ವಜ್ರಖಚಿತ ಕಿರೀಟವು ಮಂಡ್ಯದ ಜಿಲ್ಲಾ ಖಜಾನೆಯಿಂದ ಹೊರಟು, ಶ್ರೀರಂಗಪಟ್ಟಣ, ಪಾಂಡವಪುರಗಳ ಮೂಲಕ ಊರೂರಿನ ಪೂಜೆ ಸ್ವೀಕರಿಸುತ್ತ ಬೆಟ್ಟ ಸೇರುತ್ತದೆ. ರಾತ್ರಿಯ ಮೆರವಣಿಗೆಯ ನಂತರ ಸ್ವಾಮಿಗೆ ರಾಜಮುಡಿ ಧಾರಣೆಯಾಗುತ್ತದೆ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದುದು 1939ರಲ್ಲಿ. ಅರಸೊತ್ತಿಗೆ ಹೋಗಿ ಪ್ರಜಾಪ್ರಭುತ್ವ ಬಂದರೂ ಬೆಟ್ಟದ ಕಿರೀಟ ಬಯಲಿನ ಜನರ ಕಣ್ಣೆದುರಿಗೇ ಹಾದುಹೋಗಬೇಕೆಂಬ ವ್ಯವಸ್ಥೆ ಬದಲಾಗಲಿಲ್ಲ.

ಬೆಟ್ಟವು ಬಯಲಿಗೆ ಕೊಟ್ಟುದೂ ಅಲ್ಪವಲ್ಲ. 1854ರಲ್ಲಿ ಸ್ಥಾಪಿತವಾದ ಸಂಸ್ಕೃತ ಪಾಠಶಾಲೆ ವಿದ್ವಾಂಸರ ಪೀಳಿಗೆಗಳನ್ನು ರೂಪಿಸಿತು. 1905ರಲ್ಲಿ ಇಲ್ಲಿ ಜನಿಸಿದ ಪು.ತಿ. ನರಸಿಂಹಾಚಾರ್ಯರು ಈ ನೆಲದ ಅನುಭವವನ್ನು ಆಧುನಿಕ ಕನ್ನಡ ಕಾವ್ಯಕ್ಕೆ ತಂದರು. ಅವರ ಮನೆ ಸ್ಮಾರಕವಾಗಿ ಉಳಿದಿದೆ. ಸುತ್ತಣ ಕುರುಚಲು ಕಾಡು ತೋಳಗಳ ರಕ್ಷಣೆಗಾಗಿ 1974ರಲ್ಲಿ ವನ್ಯಜೀವಿಧಾಮವಾಯಿತು. ಕಲ್ಯಾಣಿ, ಅಕ್ಕ-ತಂಗಿ ಕೊಳ ಮುಂತಾದ ಜಲಾಶಯಗಳು ಬಂಡೆಯ ಮೇಲೆ ಬಿದ್ದ ಮಳೆಯನ್ನು ಹಿಡಿದಿಟ್ಟು ಊರನ್ನು ಬದುಕಿಸಿದ ವಿವೇಕಕ್ಕೆ ಸಾಕ್ಷಿ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಹೊಸಹೊಳಲು, ಗೋವಿಂದನಹಳ್ಳಿ, ಕಿಕ್ಕೇರಿ, ತೊಣ್ಣೂರುಗಳು ಅದರ ಹೊರಗಿವೆ. ಒಂದೊಂದು ಸ್ಮಾರಕವನ್ನೂ ಬಿಡಿಯಾಗಿ ಅಳೆಯುವ ಕ್ರಮದಲ್ಲಿ ಇವು ಎರಡನೆಯ ಸಾಲಿನವಾಗಿ ಕಾಣಬಹುದು. ಆದರೆ ಮೇಲುಕೋಟೆಯ ಸುತ್ತಣ ಈ ನಾಡನ್ನು ಒಂದೇ ಚಾರಿತ್ರಿಕ ಘಟಕವೆಂದು ಪರಿಗಣಿಸಿದಾಗ ಇವುಗಳ ಬೆಲೆ ಬೇರೆಯಾಗಿ ತೋರುತ್ತದೆ. ಕೆರೆ, ಕೊಳ, ಬಸದಿ, ಗುಡಿ, ಕೋಟೆ, ಉತ್ಸವದ ಹಾದಿ ಇವೆಲ್ಲವನ್ನೂ ಒಟ್ಟಾಗಿ ಅಧ್ಯಯನ ಮಾಡುವ, ಒಟ್ಟಾಗಿ ರಕ್ಷಿಸುವ ಯೋಜನೆ ಈ ಪ್ರದೇಶಕ್ಕೆ ಅವಶ್ಯವಾಗಿದೆ. ಬಯಲಿನ ನೆಲೆಗಳು ಕ್ಷೀಣಿಸಿ ಬೆಟ್ಟವೊಂದೇ ಉಳಿದರೆ, ಉಳಿಯುವುದು ಮೇಲುಕೋಟೆಯ ಕಟ್ಟಡಗಳು ಮಾತ್ರ, ಅದರ ಚರಿತ್ರೆಯಲ್ಲ.